ಎಲೆಗಿಂತ ಮೊದಲು ಹೂವು

ಇಂಗ್ಲೆಂಡಿನಲ್ಲಿ ನೆಲಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ಅಕ್ಟೋಬರಿನಲ್ಲಿ ತನ್ನ ಹಿತ್ತಿಲಿನ ಚಿತ್ರವೊಂದನ್ನು ಕಳುಹಿಸಿದ್ದನು. ಎಲೆಯುದುರುತ್ತಿರುವ ದೊಡ್ಡದೊಂದು ಮರ. ಅದರ ಬುಡದಲ್ಲಿ ಒಂದೂ ಎಲೆಯ ಸಹಾಯವಿಲ್ಲದೆ ಬರಿಯ ಮಣ್ಣಿನಿಂದ ಎದ್ದು ನಿಂತ ನಸುಗೆಂಪು ಹೂಗಳು. ದಳಗಳೆಲ್ಲ ಹಿಂದಕ್ಕೆ ಬಾಗಿ, ಗಾಳಿಗೆ ಕೊಡೆ ಮಗುಚಿಕೊಂಡಂತೆ ಕಾಣುತ್ತಿದ್ದುವು. ಸೈಕ್ಲಮೆನ್ ಎಂದು ಹೆಸರಂತೆ. "ನಮ್ಮ ಅತ್ತಾವರದ ನೆರಳಿಗೆ ಇದು ಹೇಳಿ ಮಾಡಿಸಿದಂತಿದೆ, ಮುಂದಿನ ಸಲ ಬರುವಾಗ ಗಡ್ಡೆ ತರಲೇ?" ಎಂದು ಕೇಳಿದ್ದನು. ಬೇಡವೆಂದು ಬರೆದೆ. ಪ್ರೀತಿಯಿಂದ ಕೊಡುವುದನ್ನು ಬೇಡವೆಂದ ಮೇಲೆ ಕಾರಣವನ್ನಾದರೂ ಹೇಳಬೇಕಷ್ಟೆ.

ಈ ಗಿಡದ ತವರು ದಕ್ಷಿಣ ಫ್ರಾನ್ಸಿನಿಂದ ಟರ್ಕಿಯ ಪಶ್ಚಿಮ ಭಾಗದವರೆಗಿನ ನಾಡು. ಅಲ್ಲಿ ಬೇಸಗೆಯೆಂದರೆ ಒಣ ಬೇಸಗೆ. ಆಗ ಅದು ನೆಲದೊಳಗೆ ನಿದ್ದೆಮಾಡಿ, ಶರತ್ಕಾಲದ ಮಳೆ ಬಿದ್ದೊಡನೆ ಮೊದಲು ಹೂವನ್ನೂ ಆಮೇಲೆ ಎಲೆಯನ್ನೂ ಹೊರಡಿಸುತ್ತದೆ. ಕಾಯಿ ಕಟ್ಟಿದ ಬಳಿಕ ತೊಟ್ಟು ಸುರುಳಿಸುತ್ತಿಕೊಂಡು ಕಾಯಿಯನ್ನು ನೆಲಕ್ಕೆ ಎಳೆದುಕೊಳ್ಳುತ್ತದೆ. ಬೀಜದ ಮೇಲಣ ಸಿಹಿಗೆ ಆಸೆಪಟ್ಟು ಇರುವೆಗಳು ಅದನ್ನು ಹೊತ್ತೊಯ್ದು ಬಿತ್ತುತ್ತವೆ. ಸೊಗಸಾದ ಏರ್ಪಾಡೇ ಸರಿ. ಆದರೆ ಅದರ ನಿದ್ದೆಯ ತಿಂಗಳುಗಳು ನಮ್ಮ ಮಳೆಯ ತಿಂಗಳುಗಳು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುತ್ತದೆ. ಮಲಗಿದ ಗಡ್ಡೆ ಮಲಗಿದಲ್ಲಿಯೇ ಕೊಳೆತುಹೋದೀತು.

ಅಷ್ಟಕ್ಕೂ ಎಲೆಗಿಂತ ಮೊದಲು ಹೂಬಿಡುವ, ನೆರಳನ್ನೇ ಬೇಡುವ ಗಿಡ ನಮ್ಮಲ್ಲಿಲ್ಲವೇ? ಇದೆ. ನೆಲಸಂಪಿಗೆ. ಸಂಸ್ಕೃತದಲ್ಲಿ ಭೂಚಂಪಕ, ಮರಾಠಿಯಲ್ಲಿ ಭುಯಿಚಾಫಾ. ತರಗತಿಯಲ್ಲಿ ಚಂಪಕಮಾಲಾ ವೃತ್ತಕ್ಕೆ ಪ್ರಸ್ತಾರ ಹಾಕುವ ನಮ್ಮ ಹುಡುಗರಲ್ಲಿ ಮರದ ಸಂಪಿಗೆಯನ್ನು ಕಂಡವರೇ ಕಡಮೆ. ನೆಲದ ಸಂಪಿಗೆಯ ಮಾತು ದೂರವೇ ಉಳಿಯಿತು. ಎರಡಕ್ಕೂ ನಂಟೇನೂ ಇಲ್ಲ. ಇದು ಶುಂಠಿ, ಅರಿಶಿನಗಳ ಕುಲದ್ದು. ಪರಿಮಳದಿಂದ ಮಾತ್ರ ಸಂಪಿಗೆಯ ಹೆಸರನ್ನು ಗಳಿಸಿಕೊಂಡಿದೆ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ವಾನ್ ರೀಡ್‌ನ ‘ಹೋರ್ಟಸ್ ಮಲಬಾರಿಕಸ್’ ಎಂಬ 12 ಸಂಪುಟಗಳ ಗ್ರಂಥದಲ್ಲಿ, 1692ರಲ್ಲಿ ಅಚ್ಚಾದ 11ನೆಯ ಸಂಪುಟದೊಳಗೆ, ಇದರ ಚಿತ್ರವಿದೆ. 1753ರಲ್ಲಿ ಲಿನೇಯಸ್ ಇದಕ್ಕೆ ಕೆಂಫೀರಿಯ ರೊಟುಂಡ ಎಂದು ಹೆಸರಿಟ್ಟನು. ಕೆಂಫರ್ ಎಂಬವನು ಜಪಾನಿನಲ್ಲಿದ್ದು ಬಂದ ಜರ್ಮನ್ ವೈದ್ಯ. ರೊಟುಂಡ ಎಂದರೆ ಉರುಟು. ಬೇರಿನ ತುದಿಗಳಲ್ಲಿ ಜೋತುಬಿದ್ದ ಉರುಟು ಗಡ್ಡೆಗಳನ್ನು ಕಂಡವರಿಗೆ ಆ ಹೆಸರಿನ ಅರ್ಥವನ್ನು ಬಿಡಿಸಿಹೇಳಬೇಕಿಲ್ಲ.

ನನಗೆ ಈ ಗಿಡ ದೊರೆತುದು ನಮ್ಮ ಮನೆಯಿಂದ ಎರಡು ಓಣಿಗಳಾಚೆಯ ಹಂಚಿನ ಮನೆಯೊಂದರ ಹಿತ್ತಿಲಿನಿಂದ. 2022ರ ಕೊನೆಯಲ್ಲಿ ಆ ಮನೆ ಮಾರಾಟವಾಯಿತು. ಸಂಕ್ರಾಂತಿ ಕಳೆದೊಡನೆ ನೆಲ ಅಗೆಯುವ ಯಂತ್ರ ಬರುವುದೆಂದು ನಿಶ್ಚಯವಾಗಿದ್ದಿತು. ಮನೆಯ ಅಜ್ಜಿ ನನ್ನನ್ನು ಕರೆಸಿ, "ಮೇಷ್ಟ್ರೇ, ಪಾತ್ರೆ ಪರಡಿಯೆಲ್ಲ ಮಕ್ಕಳು ಒಯ್ದರು. ಇದೊಂದನ್ನು ಯಾರೂ ಕೇಳಲಿಲ್ಲ" ಎಂದರು. ಕೇಳುವುದಾದರೂ ಹೇಗೆ? ಡಿಸೆಂಬರ್ ತಿಂಗಳು; ಎಲೆಯೆಲ್ಲ ಬಾಡಿ ಮಾಯವಾಗಿ ನೆಲ ಬೋಳಾಗಿದ್ದಿತು. ಅಜ್ಜಿ ಬಾವಿಯ ಕಟ್ಟೆಯ ಬಳಿ ನಿಂತು, ಹಲಸಿನ ಮರದ ಕಡೆಗೆ ಮೂರು ಮೊಳವನ್ನು ಕಣ್ಣಿನಿಂದಲೇ ಅಳೆದು, ಊರುಗೋಲಿನಿಂದ ಒಂದು ಗೆರೆ ಎಳೆದರು. ಗೆರೆ ಒಂದು ಗೇಣೂ ತಪ್ಪಿರಲಿಲ್ಲ. ತಪ್ಪಿದುದು ನನ್ನ ಗುದ್ದಲಿ. ಎರಡು ಗಡ್ಡೆಗಳನ್ನು ಸೀಳಿಹಾಕಿತು.

ಉಳಿದವು ಒಂಬತ್ತು. ಅವುಗಳನ್ನು ತಂದು ನಮ್ಮ ಮಾವಿನ ಬುಡದಲ್ಲಿಟ್ಟು, ಜನವರಿ ತಿಂಗಳಿಡೀ ಭಕ್ತಿಯಿಂದ ನೀರೆರೆದೆನು. ಭಕ್ತಿಗೆ ಫಲವಾಗಿ ಐದು ಕೊಳೆತುವು. ಕನ್ನಡ ಎಂ.ಎ. ಪದವಿ ತೋಟಗಾರಿಕೆಯಲ್ಲಿ ಕೆಲಸಕ್ಕೆ ಬಾರದೆಂಬುದು ಆಗ ಮನವರಿಕೆಯಾಯಿತು. ಮರುಮಳೆಗಾಲದಲ್ಲಿ ನಾಲ್ಕೂ ಎಲೆ ಬಿಟ್ಟುವು: ಮೇಲೆ ಬೆಳ್ಳಿಹಸುರಿನ ಬರೆಗಳು, ಅಡಿಯಲ್ಲಿ ನೇರಿಳೆಯ ಬಣ್ಣ. ಹೂವಿಲ್ಲ. 2024ರ ಪಗ್ಗು ತಿಂಗಳಿನಲ್ಲಿ, ಬಿಸು ಹಬ್ಬ ಕಳೆದು ವಾರವಾಗಿರಬೇಕು, ಬೆಳಗ್ಗೆ ಬಾಗಿಲು ತೆರೆದಾಗ ಒಣನೆಲದ ಮೇಲೆ ಯಾರೋ ಹೂವನ್ನು ಬೀಳಿಸಿಕೊಂಡು ಹೋದಂತೆ ಕಂಡಿತು. ಬಾಗಿ ನೋಡಿದರೆ ಬಿದ್ದುದಲ್ಲ, ಎದ್ದುದು. ಬಿಳಿಯ ಎಸಳುಗಳು, ನಡುವೆ ಸೀಳಿದ ನೇರಿಳೆಯ ತುಟಿ. ಬೆಳಗ್ಗೆ ಅರಳಿದುದು ಸಂಜೆಗೆ ಬಾಡುತ್ತದೆ. ಆದರೆ ಅದೇ ಗೊಂಚಲಿನಿಂದ ಮತ್ತೆ ಮತ್ತೆ ಹೊಸ ಹೂ ಹೊರಡುವುದರಿಂದ ಹಲವು ದಿನಗಳ ಸಂಭ್ರಮಕ್ಕೆ ಕೊರತೆಯಿಲ್ಲ.

ಬೆಳೆಸಬೇಕೆನ್ನುವ ವಾಚಕರಿಗೆ ನಾನು ನಷ್ಟ ತೆತ್ತು ಕಲಿತುದನ್ನು ಹೇಳಿಬಿಡುತ್ತೇನೆ. ನಮ್ಮ ಮುರಕಲ್ಲಿನ ಮಣ್ಣಿಗೆ ಕೊಳೆತ ತರಗೆಲೆಯನ್ನೂ ಸ್ವಲ್ಪ ಮರಳನ್ನೂ ಬೆರಸಿ ಪಾತಿಯನ್ನು ಏರಿಸಬೇಕು. ಆಷಾಢದ ನೀರು ನಿಲ್ಲಕೂಡದು. ಹಲಸು ಮಾವುಗಳ ಬುಡವೋ ಮನೆಯ ಬಡಗು ಗೋಡೆಯ ಮಗ್ಗುಲೋ ಆದೀತು. ನಡುಹಗಲಿನ ಬಿಸಿಲು ತಗಲಿದರೆ ಎಲೆ ಸುಟ್ಟುಹೋಗುತ್ತದೆ. ಗಡ್ಡೆಯನ್ನು ಎರಡು ಅಂಗುಲ ಆಳಕ್ಕೆ, ಗೇಣು ಗೇಣಿಗೊಂದರಂತೆ ನೆಡಬೇಕು. ನವೆಂಬರಿನ ಹೊತ್ತಿಗೆ ಎಲೆ ಹಳದಿಯಾಗಲು ತೊಡಗಿದರೆ ಗಾಬರಿಪಡದೆ ನೀರು ನಿಲ್ಲಿಸಿರಿ. ಪಾಲು ಮಾಡುವುದಿದ್ದರೆ ಆ ನಿದ್ದೆಯ ಕಾಲದಲ್ಲಿಯೇ. ಪ್ರತಿ ತುಂಡಿಗೂ ಒಂದು ಮೊಳಕೆಯ ಕಣ್ಣು ಇರಲಿ, ಕೊಯ್ದ ಗಾಯಕ್ಕೆ ಬೂದಿ ಹಚ್ಚಿ ಒಂದು ದಿನ ಆರಿಸಿರಿ. ಎಲೆಯಿರುವಾಗಲೇ ಸುತ್ತಲೂ ನಾಲ್ಕು ಬಿದಿರ ಕಡ್ಡಿಗಳನ್ನು ಚುಚ್ಚಿಡಲು ಮರೆಯಬೇಡಿ. ಎಲ್ಲರಿಗೂ ಆ ಅಜ್ಜಿಯ ಊರುಗೋಲು ಸಿಕ್ಕುವುದಿಲ್ಲ.

ಮೊಗ್ಗಿದ್ದ ಒಂದು ಗಿಡವನ್ನು ಹೆಂಟೆಸಹಿತ ಎಬ್ಬಿಸಿ, ಮಣ್ಣಿನ ಕುಂಡದಲ್ಲಿಟ್ಟು ಅವರಿಗೆ ಒಪ್ಪಿಸಿ ಬಂದೆನು. ಈಗ ಅವರು ಮಗನ ಮನೆಯಲ್ಲಿ, ನಾಲ್ಕನೆಯ ಮಹಡಿಯಲ್ಲಿದ್ದಾರೆ. ಹೂವನ್ನು ಮೂಸಿ ನೋಡಿದರು, ಕಣ್ಣೀರೇನೂ ಹಾಕಲಿಲ್ಲ. "ಎಲೆ ಬಂದ ಮೇಲೆ ಬಸವನಹುಳುವನ್ನು ನೋಡಿಕೊಳ್ಳಿ, ಒಂದೇ ರಾತ್ರಿಗೆ ತಿಂದು ಮುಗಿಸುತ್ತವೆ" ಎಂದು ನನಗೇ ಎಚ್ಚರಿಕೆ ಕೊಟ್ಟರು. ಕಳೆದ ಡಿಸೆಂಬರಿನಲ್ಲಿ ಹೋದಾಗ ಕುಂಡ ಬರಿದಾಗಿ ಕಾಣುತ್ತಿತ್ತು. ಮಣ್ಣಿನಲ್ಲಿ ಕಡ್ಡಿಯೊಂದನ್ನು ನೆಟ್ಟು ಅದಕ್ಕೆ ರಟ್ಟಿನ ತುಂಡು ಕಟ್ಟಿದ್ದರು, ಮನೆಗೆಲಸದವಳಿಗೆಂದು ಅದರ ಮೇಲೆ ನಡುಗುವ ಅಕ್ಷರದಲ್ಲಿ ಬರೆದಿತ್ತು: "ಒಳಗೆ ಇದೆ. ನೀರು ಹಾಕಬೇಡ."