ಹವ್ಯಾಸಿಯ ಈಜುಡುಗೆಗೆ ಯಾರ ಅಳತೆ?

2009ನೆಯ ಇಸವಿಯಲ್ಲಿ ರೋಮ್ ನಗರದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಒಂದೇ ಕೂಟದ ಅವಧಿಯೊಳಗೆ 43 ವಿಶ್ವದಾಖಲೆಗಳು ಸ್ಥಾಪಿತವಾದಾಗ, ಆ ಕೀರ್ತಿಯಲ್ಲಿ ಈಜುಗಾರನ ಭುಜಬಲಕ್ಕೆ ಸಲ್ಲತಕ್ಕ ಪಾಲೆಷ್ಟು, ಅವನ ಮೈಯನ್ನು ಬಿಗಿದಪ್ಪಿದ ಪಾಲಿಯುರೆಥೇನ್ ಪೊರೆಗೆ ಸಲ್ಲತಕ್ಕ ಪಾಲೆಷ್ಟು ಎಂಬ ಸಂದೇಹವು ಸ್ವತಃ ಸ್ಪರ್ಧಿಗಳನ್ನೇ ಕಾಡತೊಡಗಿತು. 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಮೈಕೆಲ್ ಫೆಲ್ಪ್ಸನನ್ನು ಸೋಲಿಸಿದ ಜರ್ಮನಿಯ ಪಾಲ್ ಬೀಡರ್ಮನ್ ಕೂಡ ಉಡುಪಿನ ನೆರವನ್ನು ಅಲ್ಲಗಳೆಯಲಿಲ್ಲ. ಅಂದು ಫಿನಾ ಎನಿಸಿಕೊಂಡಿದ್ದ ಅಂತರರಾಷ್ಟ್ರೀಯ ಸಂಸ್ಥೆಯು 2010ರ ಜನವರಿ 1ರಿಂದ ನೇಯ್ದ ಬಟ್ಟೆಯ ಉಡುಪನ್ನು ಮಾತ್ರವೇ ಉಳಿಸಿ, ಗಂಡಸರಿಗೆ ಸೊಂಟದಿಂದ ಮೊಣಕಾಲವರೆಗೆ, ಹೆಂಗಸರಿಗೆ ಭುಜದಿಂದ ಮೊಣಕಾಲವರೆಗೆ ಎಂದು ಮೇರೆ ಹಾಕಿತು.

ಇಪ್ಪತ್ತೈದು ತುಂಬಿದವರು ಐದೈದು ವರ್ಷಗಳ ವಯೋವರ್ಗಗಳಲ್ಲಿ ಸ್ಪರ್ಧಿಸುವ ಮಾಸ್ಟರ್ಸ್ ಕೂಟಗಳಿಗೂ ಈ ನಿಯಮವೇ ಅನ್ವಯವಾಯಿತು. ಸಂತೋಷಕ್ಕಾಗಿ ಈಜುವ ಅರವತ್ತರ ಗೃಹಸ್ಥನಿಗೆ ಒಲಿಂಪಿಕ್ ವೀರನ ಕಟ್ಟಳೆಯೇಕೆ ಎಂದು ಕೇಳುವವರುಂಟು. ಕೇಳತಕ್ಕ ಪ್ರಶ್ನೆಯೇ. ಆದರೆ ನಿಯಮದೊಳಗೆ ಎರಡು ಬೇರೆ ಬೇರೆ ಸಂಗತಿಗಳು ಹೆಣೆದುಕೊಂಡಿವೆಯೆಂಬುದನ್ನು ಅವರೂ ಗಮನಿಸುವುದಿಲ್ಲ, ನಿಯಮವನ್ನು ಕಣ್ಣುಮುಚ್ಚಿ ಸಮರ್ಥಿಸುವವರೂ ಗಮನಿಸುವುದಿಲ್ಲ.

ಮೊದಲನೆಯದು ಬಟ್ಟೆಯ ಗುಣ. ನೀರನ್ನು ಹೀರದ ಆ ಪೊರೆಯು ಗಾಳಿಯನ್ನು ಒಳಗೆ ಹಿಡಿದಿಟ್ಟು ದೇಹವನ್ನು ತೇಲಿಸುತ್ತಿತ್ತು. ಸಡಿಲಗೊಂಡ ಹೊಟ್ಟೆ ತೊಡೆಗಳನ್ನು ಒತ್ತಿಹಿಡಿದು ನೀರಿನ ಪ್ರತಿರೋಧವನ್ನು ತಗ್ಗಿಸುತ್ತಿತ್ತು. ಇಂಥ ಉಪಕಾರವು ಕಡೆದಿಟ್ಟಂತಹ ಮೈಯ ತರುಣನಿಗಿಂತ ಬೊಜ್ಜು ಬೆಳೆದ ನಮ್ಮಂಥವರಿಗೇ ಹೆಚ್ಚಾಗಿ ಒದಗುವುದು ಸಹಜ. (ಅದನ್ನು ತೊಡುವುದಕ್ಕೇ ಇಪ್ಪತ್ತು ಮೂವತ್ತು ನಿಮಿಷ ಹೆಣಗಬೇಕಾಗುತ್ತಿತ್ತೆಂಬುದು ಬೇರೆ ಮಾತು, ಅದೂ ಒಂದು ವ್ಯಾಯಾಮವೇ.) ದುಬಾರಿಯಾದ, ಬೇಗನೆ ಹರಿಯುವ ಉಡುಪನ್ನು ಕೊಳ್ಳಬಲ್ಲವನು ಕೊಳ್ಳಲಾರದ ಸಮವಯಸ್ಕನನ್ನು ಹಿಂದಿಕ್ಕುವುದಾದರೆ, ವಯೋವರ್ಗಗಳನ್ನು ಅಷ್ಟು ಜತನದಿಂದ ವಿಂಗಡಿಸಿದ ಪ್ರಯೋಜನವೇನು? ಕಾಲವನ್ನು ಅಳೆದು ದಾಖಲೆ ಬರೆದಿಡುವಲ್ಲಿ ಈ ನಿಷೇಧವು ಹವ್ಯಾಸಿಗೂ ಇರತಕ್ಕದ್ದೇ.

ಎರಡನೆಯದಾದ ಮೇರೆಯ ವಿಷಯದಲ್ಲಿ ನನಗೆ ಅಷ್ಟು ನಿಷ್ಠೆಯಿಲ್ಲ. ಶಸ್ತ್ರಚಿಕಿತ್ಸೆಯ ಕಲೆಗಳನ್ನು ಮರೆಮಾಚಬಯಸುವವರು, ಬಿಸಿಲು ತಾಗಿದರೆ ಚರ್ಮ ಕೆರಳುವವರು, ನಡುವಯಸ್ಸಿನಲ್ಲಿ ಈಜು ಕಲಿತು ತೋಳು ಕಾಲು ಮುಚ್ಚಿದ ಹೊರತು ಹತ್ತು ಜನರೆದುರು ನಿಲ್ಲಲೊಲ್ಲದ ಹೆಂಗಸರು, ಇವರಾರೂ ವೇಗವನ್ನು ಕದಿಯಬಂದವರಲ್ಲ. ಸಡಿಲವಾದ ತುಂಬುತೋಳಿನ ಬಟ್ಟೆಯು ನೀರು ಕುಡಿದು ಈಜುವವರನ್ನು ಹಿಂದಕ್ಕೇ ಎಳೆಯುತ್ತದೆ. ಬಿಗಿಯಾದ ನೇಯ್ಗೆಯಿಂದ ಅಲ್ಪಸ್ವಲ್ಪ ಅನುಕೂಲವಾಗುವುದೆಂಬ ಶಂಕೆಯಿದ್ದರೆ ಅದಕ್ಕೂ ಪರಿಹಾರವುಂಟು: ಸ್ಥಳೀಯ ಕೂಟಗಳಲ್ಲಿ ಅಂಥವರನ್ನು ಎಲ್ಲರೊಡನೆ ಈಜಗೊಟ್ಟು, ಫಲಿತಾಂಶದ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ, ಈ ಕಾಲವನ್ನು ದಾಖಲೆಗೆ ಪರಿಗಣಿಸತಕ್ಕದ್ದಲ್ಲವೆಂದು ಸಂಘಟಕರು ಒಂದು ಷರಾ ಬರೆದರೆ ಸಾಕು.