ಸಂಗೀತದ ಹೆಸರಿನಲ್ಲಿ ಸುಡಬೇಡಿ

ಸಂಗೀತೋತ್ಸವ ಮುಗಿದ ಮರುದಿನ ಬೆಳಿಗ್ಗೆ ಆ ಮೈದಾನಕ್ಕೆ ಹೋಗಿ ನೋಡಿ. ಹಿಂದಿನ ರಾತ್ರಿ ದೀಪ ಹಚ್ಚಿ, ಶಾಲು ಹೊದಿಸಿ, ಸಂಸ್ಕೃತಿಯ ಬಗ್ಗೆ ತಾಸುಗಟ್ಟಲೆ ಮಾತಾಡಿದವರು ಬಿಟ್ಟುಹೋದದ್ದೆಲ್ಲ ಅಲ್ಲಿ ಬಿದ್ದಿರುತ್ತದೆ. ಎರಡು ಗುಟುಕು ಕುಡಿದು ಎಸೆದ ನೀರಿನ ಬಾಟಲಿ, ಪಲಾವು ಮೆತ್ತಿದ ಥರ್ಮಾಕೋಲ್ ತಟ್ಟೆ, ಚಹಾದ ಕಪ್ಪು, ಗಾಳಿಗೆ ಕಿತ್ತುಬಿದ್ದ ಫ್ಲೆಕ್ಸು. ಉಪ್ಪಿನ ಆಸೆಗೆ ಬಂದ ಆಕಳು ಅನ್ನದ ಜೊತೆ ತಟ್ಟೆಯನ್ನೂ ಅಗಿಯುತ್ತದೆ. ಬಿಸಿಲೇರುವ ಹೊತ್ತಿಗೆ ಕೂಲಿಯವನೊಬ್ಬ ಬಂದು ಎಲ್ಲವನ್ನೂ ಮೂಲೆಗೆ ಗುಡಿಸಿ ಕಡ್ಡಿ ಗೀರುತ್ತಾನೆ. ಕರಿ ಹೊಗೆ ಪಕ್ಕದ ಶಾಲೆಯ ಕಿಟಕಿಯೊಳಗೆ ಹೋಗುತ್ತದೆ. ಸಂಘಟಕರು ಆಗಿನ್ನೂ ಎದ್ದಿರುವುದಿಲ್ಲ.

ಇದು ನಡೆಯುತ್ತಿರುವುದು ಯಾವ ನೆಲದಲ್ಲಿ? ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಪುಟ್ಟರಾಜ ಗವಾಯಿಗಳು 1914ರಲ್ಲಿ ಹುಟ್ಟಿದ್ದು ಅದೇ ಸೀಮೆಯ ದೇವಗಿರಿಯಲ್ಲಿ. ಇಬ್ಬರಿಗೂ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳು ಕಾಡಶೆಟ್ಟಿಹಳ್ಳಿಯ ಆ ಹುಡುಗನ ಕೊರಳನ್ನು ಗುರುತಿಸಿ ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಮುಂದೆ ಪಂಚಾಕ್ಷರಿ ಗವಾಯಿಗಳೇ ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗುವ ಸಂಗೀತ ಪಾಠಶಾಲೆ ನಡೆಸಿದರು, ಕೊನೆಗೆ ಗದಗಿನಲ್ಲಿ ನೆಲೆ ನಿಂತರು. ಕಿವಿಯೊಂದನ್ನೇ ನಂಬಿ ಬದುಕಿದವರ ನಾಡಿನಲ್ಲಿ ಇವತ್ತು ಕಿವಿಗೆ ಕಾದ ಸೀಸ ಸುರಿಯುತ್ತಿದ್ದೇವೆ. ಅದೂ ಅವರದೇ ಭಾವಚಿತ್ರಕ್ಕೆ ಹಾರ ಹಾಕಿ.

ಡಿಜೆ ಎಂಬ ಪೆಟ್ಟಿಗೆಗಳ ಲಾರಿ ಬಂದರೆ ಮನೆಯ ತಗಡು ನಡುಗುತ್ತದೆ, ಬಾಣಂತಿಯ ಕೂಸು ಬೆಚ್ಚಿ ಚೀರುತ್ತದೆ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮೀರಬಾರದು ಎಂದು 2000ದ ಶಬ್ದಮಾಲಿನ್ಯ ನಿಯಮ ಹೇಳುತ್ತದೆ. ಡೆಸಿಬಲ್ ಹತ್ತು ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟು ಏರುತ್ತದೆ. ಡಿಜೆ ಲಾರಿಗಳು ನೂರನ್ನು ಲೀಲಾಜಾಲವಾಗಿ ದಾಟುತ್ತವೆ. ಎಷ್ಟು ಪಟ್ಟು ಎಂದು ಲೆಕ್ಕ ಹಾಕಿಕೊಳ್ಳಿ. ಈ ಸದ್ದು ಮನುಷ್ಯರನ್ನಷ್ಟೇ ಕಾಡುವುದಿಲ್ಲ. ಬಂಕಾಪುರದ ಕೋಟೆಯೊಳಗೆ ನವಿಲುಧಾಮವಿದೆ. 2006ರಲ್ಲಿ ಸರ್ಕಾರವೇ ಘೋಷಿಸಿದ ಧಾಮ. ಹೆಣ್ಣು ನವಿಲು ಮೊಟ್ಟೆ ಇಡುವುದು ಮಳೆಗಾಲದಲ್ಲಿ, ನೆಲದ ಮೇಲೆ, ಪೊದೆಯ ಮರೆಯಲ್ಲಿ. ನಮ್ಮ ಹಬ್ಬಗಳ ಮೆರವಣಿಗೆ ಶುರುವಾಗುವುದೂ ಅದೇ ಹೊತ್ತಿಗೆ. ಕೋಟೆಯ ಸುತ್ತಮುತ್ತ ಗುಡುಗಿಸುವವರಿಗೆ ಆ ಮೊಟ್ಟೆಗಳ ನೆನಪಾದರೂ ಇದೆಯೇ?

ಮರಗಳ ಪಾಡು ಬೇರೆಯಲ್ಲ. ರಸ್ತೆ ಬದಿಯ ಬೇವಿನ ಬೊಡ್ಡೆಯನ್ನೊಮ್ಮೆ ಕೈಯಿಂದ ಸವರಿ. ಹಳೆಯ ಮೊಳೆಗಳು ತೊಗಟೆಯೊಳಗೆ ಹುದುಗಿರುತ್ತವೆ, ಹೊಸ ಮೊಳೆಯ ಸುತ್ತ ಅಂಟು ಒಸರುತ್ತಿರುತ್ತದೆ. ಪ್ರತಿ ಮೊಳೆಗೂ ಫ್ಲೆಕ್ಸಿನಲ್ಲಿ ಶುಭ ಕೋರುವ ಒಬ್ಬನ ನಗುಮುಖ. ಸವಣೂರಿನ ದೊಡ್ಡಹುಣಸೆ ಮಠದ ಮೂರು ಮರಗಳನ್ನು ನೋಡಲು ನಾಡಿನ ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಆಫ್ರಿಕಾ ಮೂಲದ ಮರಗಳವು. 2023ರ ಜುಲೈನಲ್ಲಿ ಅವುಗಳಲ್ಲೊಂದು ಬುಡಸಮೇತ ಉರುಳಿದಾಗ ಊರಿಗೆ ಊರೇ ಮರುಗಿತು, ಯಂತ್ರ ತರಿಸಿ ಎತ್ತಿ ಮತ್ತೆ ನೆಟ್ಟರು. ಆ ಮನಸ್ಸು ನಮ್ಮಲ್ಲಿದೆ. ಹಾಗಿದ್ದರೆ ಬೇವು, ಅರಳಿ, ಆಲಗಳಿಗೆ ಮೊಳೆ ಹೊಡೆಯುವಾಗ ಅದೆಲ್ಲಿಗೆ ಹೋಗುತ್ತದೆ?

ಕಾನೂನು ಇಲ್ಲವೆಂದು ಯಾರೂ ಹೇಳಬೇಕಾಗಿಲ್ಲ. ಫ್ಲೆಕ್ಸು, ಬ್ಯಾನರು, ಪ್ಲಾಸ್ಟಿಕ್ ತಟ್ಟೆ, ಲೋಟ, ಥರ್ಮಾಕೋಲ್ ಎಲ್ಲವನ್ನೂ ಕರ್ನಾಟಕ 2016ರ ಮಾರ್ಚ್ 11ರಂದೇ ನಿಷೇಧಿಸಿದೆ. ನಿಷೇಧವಾದ ಫ್ಲೆಕ್ಸಿನಲ್ಲೇ ಅಧಿಕಾರಿಗಳಿಗೆ ಸ್ವಾಗತ ಕೋರುತ್ತಾರೆ, ಅಧಿಕಾರಿಗಳು ಅದರ ಕೆಳಗೇ ಹಾದು ಬಂದು ಮುಂದಿನ ಸಾಲಿನಲ್ಲಿ ಕೂರುತ್ತಾರೆ. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ? ಆ ಕಸ ಮೈದಾನದಲ್ಲಿ ಉಳಿಯುವುದೂ ಇಲ್ಲ. ಮೊದಲ ದೊಡ್ಡ ಮಳೆಗೆ ಗಟಾರ ಹಿಡಿದು ಕೆರೆ ಸೇರುತ್ತದೆ. ಹಾನಗಲ್ಲಿನ ಜನ ಕುಡಿಯುವುದು ಆನೆಕೆರೆಯ ನೀರು. ಹಿರೇಕೆರೂರಿನವರಿಗೆ ದುರ್ಗಾದೇವಿ ಕೆರೆ ಎಂದರೆ ಊರಿನ ಜೀವ.

ಇನ್ನು ಬಂದುಹೋಗುವ ಗಾಡಿಗಳ ಮಾತು. ದೊಡ್ಡ ದೊಡ್ಡ ಸಂಗೀತೋತ್ಸವ ನಡೆಸುವ ಹೊರದೇಶಗಳಲ್ಲಿ ಲೆಕ್ಕ ಹಾಕಿದಾಗ, ವೇದಿಕೆಯ ದೀಪಕ್ಕಿಂತ ಧ್ವನಿವರ್ಧಕಕ್ಕಿಂತ ಹೆಚ್ಚು ಹೊಗೆ ಕೇಳುಗರ ಪ್ರಯಾಣದಿಂದಲೇ ಎಂದು ಕಂಡುಬಂತು. ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ 2019ರಲ್ಲಿ ಪ್ಲಾಸ್ಟಿಕ್ ನೀರಿನ ಬಾಟಲಿ ಮಾರುವುದನ್ನೇ ನಿಲ್ಲಿಸಿತು. ಲಕ್ಷಗಟ್ಟಲೆ ಜನ ಸೇರುವಲ್ಲಿ ಸಾಧ್ಯವಾದದ್ದು ಸಾವಿರ ಜನ ಸೇರುವ ನಮ್ಮ ಮೈದಾನದಲ್ಲಿ ಯಾಕೆ ಆಗದು? ಒಂದು ಲೀಟರ್ ಡೀಸೆಲ್ ಉರಿದರೆ ಎರಡೂವರೆ ಕಿಲೋಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಮೂರು ಮೈಲು ದೂರದ ಊರಿನಿಂದ ಒಬ್ಬೊಬ್ಬರೇ ಕಾರಿನಲ್ಲಿ ಬಂದು, ಯಾರದೋ ಬಿತ್ತಿದ ಹೊಲದಲ್ಲಿ ಗಾಡಿ ನಿಲ್ಲಿಸಿ, ದಾಸರ ಪದ ಕೇಳಿ ತಲೆದೂಗುವುದು ಎಂಥ ಭಕ್ತಿ?

ಗಂಗೂಬಾಯಿ ಹಾನಗಲ್ ಸವಾಯಿ ಗಂಧರ್ವರ ಬಳಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬರುತ್ತಿದ್ದರು. ಕುಂದಗೋಳ ಶಿಗ್ಗಾವಿಯ ನೆರೆಯ ತಾಲೂಕು. ಅಲ್ಲಿಯ ನಾಡಿಗೇರ ವಾಡೆಯಲ್ಲಿ ಗುರುವಿನ ನೆನಪಿಗೆ ನಡೆಯುತ್ತ ಬಂದಿರುವ ಅಹೋರಾತ್ರಿ ಸಂಗೀತಕ್ಕೆ ಡಿಜೆ ಬೇಕಾಗಿಲ್ಲ. ಕಂಬಗಳ ನಡುವೆ ಕೂತು ಹಾಡಿದರೆ ತಂಬೂರಿಯ ನಾದವೂ ಕೇಳಿಸುತ್ತದೆ. ಕಾರು ಬಿಟ್ಟು ಸೈಕಲ್ಲಿನಲ್ಲಿ ಬರುವವರಿಗೆ ಅಹೋರಾತ್ರಿಯಷ್ಟು ಹೊಂದುವ ಪದ್ಧತಿ ಇನ್ನೊಂದಿಲ್ಲ. ಬೆಳಕಿರುವಾಗಲೇ ಬಂದು ಸೇರಿ, ಭೈರವಿ ಮುಗಿಸಿಕೊಂಡು ಬೆಳಕು ಹರಿದ ಮೇಲೆ ಹೊರಡಬಹುದು.

ಸೈಕಲ್ ನಮಗೆ ಹೊಸದಲ್ಲ. 2006-07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಟ್ಟಿತು. ಕೋವಿಡ್ ವರ್ಷಗಳಲ್ಲಿ ಅದು ನಿಂತಿತು. ಆ ಸೈಕಲ್ಲುಗಳು ಇವತ್ತಿಗೂ ಎಷ್ಟೋ ಹಿತ್ತಿಲಲ್ಲಿ ಗಾಳಿಯಿಲ್ಲದೆ ನಿಂತಿವೆ. ಸವಣೂರಿನ ಎರೆಹೊಲಗಳ ನಡುವಿನ ದಾರಿ ಸಪಾಟು. ಮಳೆಯಲ್ಲಿ ಎರೆಮಣ್ಣು ಮಡ್‌ಗಾರ್ಡಿಗೆ ಕಚ್ಚಿ ಗಾಲಿ ತಿರುಗದು ಎಂಬುದು ನಿಜ, ಆದರೆ ಸಂಗೀತೋತ್ಸವಗಳು ಹೆಚ್ಚಾಗಿ ಸುಗ್ಗಿಯ ನಂತರವೇ. ಸಂತ ಶಿಶುನಾಳ ಷರೀಫರ ನೆಲಕ್ಕೆ ಹುಲಗೂರು ದಾಟಿ ಹೋಗುವ ದಾರಿ ಸೈಕಲ್ಲಿಗೆಂದೇ ಮಾಡಿದಂತಿದೆ. ಅಂಜಿಕೆ ಇರುವುದು 48ನೇ ಹೆದ್ದಾರಿಯದ್ದು. ಶಿಗ್ಗಾವಿ, ಬಂಕಾಪುರದ ಕಡೆಯಿಂದ ಬರುವವರಿಗೆ ಉತ್ಸವದ ದಿನ ಸರ್ವಿಸ್ ರಸ್ತೆಯಲ್ಲಿ ಪೊಲೀಸರು ನಿಲ್ಲಬೇಕು. ಗಣ್ಯರ ಕಾರುಗಳಿಗೆ ದಾರಿ ಬಿಡಿಸಲು ನಿಲ್ಲುವುದಿಲ್ಲವೇ? ಸೈಕಲ್ಲಿನಲ್ಲಿ ಬಂದ ಶಾಲೆಯ ಹುಡುಗಿಗೂ ನಿಲ್ಲಲಿ. ಸೈಕಲ್ ತುಳಿಯಲಾಗದ ಹಿರಿಯರಿಗೆ ಬಸ್ ಬಿಡಿ.

ತಹಶೀಲ್ದಾರರಿಗೆ, ಪುರಸಭೆಗೆ, ಪಟ್ಟಣ ಪಂಚಾಯಿತಿಗೆ ನಮ್ಮ ಒತ್ತಾಯ ಇಷ್ಟೇ. ಡಿಜೆ ಇದ್ದರೆ, ಫ್ಲೆಕ್ಸು ಕಟ್ಟಿದರೆ ಪರವಾನಗಿ ಕೊಡಬೇಡಿ. ಮೈದಾನ ಸ್ವಚ್ಛ ಮಾಡಿ ತೋರಿಸುವ ತನಕ ಠೇವಣಿ ತಿರುಗಿಸಬೇಡಿ. ಸಂಘಟಕರೇ, ಮುಂದಿನ ಕರಪತ್ರದಲ್ಲಿ ಗಣ್ಯರ ಹೆಸರಿಗಿಂತ ಮೇಲೆ ಒಂದು ಸಾಲು ಹಾಕಿ: ಸೈಕಲ್ಲಿನಲ್ಲಿ ಬನ್ನಿ, ತಟ್ಟೆ ಲೋಟ ಮನೆಯಿಂದ ತನ್ನಿ. ಅಷ್ಟು ಮಾಡಿದರೆ ಸ್ಟೀಲ್ ತಟ್ಟೆ ಹಿಡಿದು ಎಲ್ಲರಿಗಿಂತ ಮೊದಲು ನಾವೇ ಬಂದು ಕೂರುತ್ತೇವೆ, ಮರುದಿನ ಕಸಬರಿಗೆ ಹಿಡಿಯಲೂ ಬರುತ್ತೇವೆ. ಮಾಡದಿದ್ದರೆ ಪಟ್ಟಿ ಎತ್ತಲು ನಮ್ಮ ಬಾಗಿಲಿಗೆ ಬರಬೇಡಿ.