ಅಟ್ಟ ಹತ್ತಿದವನು ಇಳಿಯದಿದ್ದಾಗ

ಹುಳಿಯಾರಿನಂಥ ಹೋಬಳಿ ಕೇಂದ್ರದಲ್ಲಿ ಒಂದು ಫೋಟೊ ಸ್ಟುಡಿಯೊ ಇದೆ ಎಂದುಕೊಳ್ಳಿ. ಸುತ್ತಲಿನ ಹಳ್ಳಿಗಳ ಮದುವೆ, ಗೃಹಪ್ರವೇಶ, ಜಾತ್ರೆಗಳ ಚಿತ್ರಗಳೆಲ್ಲ ಅಲ್ಲಿನ ಕಂಪ್ಯೂಟರಿನಲ್ಲಿ ತುಂಬಿ, ಜಾಗ ಸಾಲದೆ, ಅಂಗೈ ಅಗಲದ ಒಂದು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿಗೆ ಬಂದು ಸೇರಿವೆ. ಒಂದು ಬೆಳಿಗ್ಗೆ ಡಿಸ್ಕಿನ ಕೇಬಲ್ ಸಿಕ್ಕಿಸಿದ ಕೂಡಲೇ ಕಂಪ್ಯೂಟರಿಗೆ ಮಂಕು ಕವಿಯುತ್ತದೆ. ಮೌಸ್ ಒತ್ತಿದರೂ ಏನೂ ತೆರೆಯದು. ಎದುರಿಗೆ ಕುಳಿತ ಗಿರಾಕಿಗೆ ಬೇಕಾದದ್ದು ಅವರ ಅಜ್ಜಿಯ ಒಂದು ಫೋಟೊ, ಮೂರು ವರ್ಷದ ಹಿಂದೆ ಮದುವೆಯೊಂದರಲ್ಲಿ ತೆಗೆದದ್ದು. ಅಜ್ಜಿ ಈಗಿಲ್ಲ. ನಾಳಿದ್ದು ತಿಥಿ.

'ಕಂಪ್ಯೂಟರ್ ಹಳೇದಾಯ್ತಣ್ಣ, ಹೊಸದು ತಗೊಂಬಿಡಿ' ಎಂದು ಪಕ್ಕದ ಅಂಗಡಿಯವರ ಸಲಹೆ. 'ಡಿಸ್ಕ್ ಫಾರ್ಮ್ಯಾಟ್ ಮಾಡಿ, ಸರಿಹೋಗುತ್ತೆ' ಎಂದು ಇನ್ನೊಬ್ಬರದು. ಮೊದಲನೆಯವರ ಮಾತು ಕೇಳಿದರೆ ದುಡ್ಡು ಹೋಗುತ್ತದೆ. ಎರಡನೆಯವರ ಮಾತು ಕೇಳಿದರೆ ಅಜ್ಜಿಯ ಫೋಟೊ ಹೋಗುತ್ತದೆ.

ನಿಜವಾಗಿ ಆಗುತ್ತಿರುವುದೇನು? ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯವರಿಗೆ ಇದನ್ನು ಹೇಳುವುದು ಸುಲಭ. ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹರಡಿ, ತಿಂಗಳುಗಟ್ಟಲೆ ಬಿಟ್ಟು ಕೊಬ್ಬರಿ ಮಾಡುವ ನಾಡು ಇದು. ಕೆಳಗಿರುವವರಿಗೆ ಕಾಯಿ ಬೇಕೆಂದರೆ ಒಬ್ಬ ಏಣಿ ಹತ್ತಬೇಕು. ಅವನು ಇಳಿದು ಬರುವ ತನಕ ಕೆಳಗಿನವರು ಎಷ್ಟೇ ಚುರುಕಾಗಿದ್ದರೂ ಕೈಕಟ್ಟಿ ಕೂರಬೇಕು. ಎಕ್ಸ್‌ಟರ್ನಲ್ ಡಿಸ್ಕ್ ಆ ಅಟ್ಟವಿದ್ದಂತೆ. ಕಂಪ್ಯೂಟರ್ ನಿಧಾನವಾಗಿಲ್ಲ, ಅದು ಕಾಯುತ್ತಿದೆ.

ಇದು ಹೌದೋ ಅಲ್ಲವೋ ತಿಳಿಯಲು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಡಿಸ್ಕನ್ನು ಕ್ರಮವಾಗಿ ಬೇರ್ಪಡಿಸಿ ನೋಡಿ. ಕಂಪ್ಯೂಟರ್ ಮತ್ತೆ ಚುರುಕಾದರೆ ದೋಷ ಡಿಸ್ಕಿನದು, ಇಲ್ಲವೇ ಅದರ ದಾರಿಯದು. ವಿಂಡೋಸ್ ಇರುವವರು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ 'ಟಾಸ್ಕ್ ಮ್ಯಾನೇಜರ್' ತೆರೆಯುತ್ತದೆ. ಅಲ್ಲಿ ಆ ಡಿಸ್ಕಿನ ದುಡಿಮೆ ನೂರಕ್ಕೆ ನೂರು ಎಂದಿದ್ದು, ಸಾಗುತ್ತಿರುವ ಮಾಹಿತಿ ಮಾತ್ರ ಹನಿ ಹನಿಯಾಗಿದ್ದರೆ, ಅಟ್ಟ ಹತ್ತಿದವನು ಮೇಲೆ ತಡಕಾಡುತ್ತಿದ್ದಾನೆ ಎಂದೇ ಅರ್ಥ.

ಕಾರಣಗಳು ಹಲವು. ಕೆಲವು ತೀರ ಸಾಧು. ಬಳಕೆಯಿಲ್ಲದೆ ಇದ್ದ ಡಿಸ್ಕ್ ನಿದ್ದೆ ಹೋಗುತ್ತದೆ. ಕರೆದಾಗ ಅದರ ತಟ್ಟೆ ಮತ್ತೆ ತಿರುಗಿ ವೇಗ ಹಿಡಿಯಲು ಕೆಲವು ಸೆಕೆಂಡು ಬೇಕು. ವೈರಸ್ ತಡೆಯುವ ತಂತ್ರಾಂಶ ಸಾವಿರಾರು ಫೋಟೊಗಳನ್ನು ಒಂದೊಂದಾಗಿ ತಪಾಸಣೆ ಮಾಡುತ್ತಿದ್ದರೂ, ವಿಂಡೋಸ್ ಅವುಗಳ ಸೂಚಿ ತಯಾರಿಸುತ್ತಿದ್ದರೂ ಕೆಲಸ ಎಳೆಯುತ್ತದೆ. ಡಿಸ್ಕ್ ಆರೋಗ್ಯವಾಗಿದ್ದರೆ ಇವು ತಾವಾಗಿ ಮುಗಿಯುತ್ತವೆ.

ಇನ್ನು ದಾರಿಯ ದೋಷ. ಯುಎಸ್‌ಬಿ ಎಂಬ ಈ ಜೋಡಣೆ ಮೊದಲು ಬಂದದ್ದು 1996ರಲ್ಲಿ. ಇಂಟೆಲ್ ಕಂಪನಿಯಲ್ಲಿದ್ದ ಭಾರತೀಯ ಮೂಲದ ಅಜಯ್ ಭಟ್ ಅದನ್ನು ರೂಪಿಸಿದವರಲ್ಲಿ ಪ್ರಮುಖರು. 2000ದಲ್ಲಿ ಎರಡನೆಯ ಆವೃತ್ತಿಯೂ 2008ರಲ್ಲಿ ಮೂರನೆಯದೂ ಬಂದವು. ಹೊಸ ಡಿಸ್ಕನ್ನು ಎರಡನೆಯ ಆವೃತ್ತಿಯ ಕಿಂಡಿಗೆ ಸಿಕ್ಕಿಸಿದರೆ ಸೆಕೆಂಡಿಗೆ ಸುಮಾರು 30 ಮೆಗಾಬೈಟ್ ಸಾಗೀತು. ಅದೇ ಡಿಸ್ಕ್ ಮೂರನೆಯದರಲ್ಲಿ 100 ಮೆಗಾಬೈಟ್ ಸಾಗಿಸಬಲ್ಲದು. 300 ಗಿಗಾಬೈಟ್ ನಕಲು ಮಾಡಲು ಒಂದರಲ್ಲಿ ಸುಮಾರು ಎರಡೂಮುಕ್ಕಾಲು ಗಂಟೆ, ಇನ್ನೊಂದರಲ್ಲಿ ಐವತ್ತು ನಿಮಿಷ! ಮೂರನೆಯ ಆವೃತ್ತಿಯ ಕಿಂಡಿಯೊಳಗೆ ಸಾಮಾನ್ಯವಾಗಿ ನೀಲಿ ಬಣ್ಣವಿರುತ್ತದೆ. ಸಡಿಲವಾದ ಕೇಬಲ್, ನಾಲ್ಕಾರು ಸಾಧನಗಳಿಗೆ ಒಂದೇ ಹಬ್ ಇದ್ದರೆ ಡಿಸ್ಕಿಗೆ ಬೇಕಾದಷ್ಟು ವಿದ್ಯುತ್ ಸಿಗದೆ ಅದು ನಿಂತು ನಿಂತು ನಡೆಯುತ್ತದೆ. ಆದ್ದರಿಂದ ಮೊದಲು ಕೇಬಲ್ ಬದಲಿಸಿ, ಹಬ್ ಬಿಟ್ಟು ನೇರವಾಗಿ ಕಂಪ್ಯೂಟರಿಗೇ ಜೋಡಿಸಿ ನೋಡಬೇಕು.

ಇಷ್ಟಾದರೂ ಸರಿಹೋಗದಿದ್ದರೆ ಎಚ್ಚರ. ಡಿಸ್ಕೇ ಸವೆಯುತ್ತಿರಬಹುದು. ಇಂಥ ಡಿಸ್ಕಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು ತಿರುಗುತ್ತದೆ. ಅದಕ್ಕೆ ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ, ಅದನ್ನು ಮುಟ್ಟದೆ, ಓದುವ ಹೆಡ್ ಆಡುತ್ತದೆ. ತಟ್ಟೆಯ ಒಂದು ಚೂರು ಜಾಗ ಕೆಟ್ಟರೆ ಡಿಸ್ಕ್ ಅದನ್ನೇ ಮತ್ತೆ ಮತ್ತೆ ಓದಲು ಯತ್ನಿಸುತ್ತದೆ. ಆ ಹೊತ್ತೆಲ್ಲ ಕಂಪ್ಯೂಟರ್ ಸ್ತಬ್ಧ. ಅಟ್ಟದ ಕಾಯಿ ಅಲ್ಲಾಡಿಸಿದಾಗ ಸದ್ದು ಬಂದರೆ ಕೊಬ್ಬರಿಯಾಗಿದೆ ಎಂದು ಸಂತೋಷಪಡಬಹುದು. ಡಿಸ್ಕ್ ಟಿಕ್ ಟಿಕ್ ಎಂದು ಸದ್ದು ಮಾಡಿದರೆ ಮಾತ್ರ ಅದು ಅಪಾಯದ ಸೂಚನೆ. ಡಿಸ್ಕ್ ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಂಡಿರುತ್ತದೆ. 'ಕ್ರಿಸ್ಟಲ್ ಡಿಸ್ಕ್ ಇನ್ಫೊ'ದಂಥ ಉಚಿತ ತಂತ್ರಾಂಶ ಅದನ್ನು ಓದಿ ಹೇಳುತ್ತದೆ.

ಇಲ್ಲಿ ಎಲ್ಲರೂ ಎಡವುವುದು ಕ್ರಮದಲ್ಲಿ. ರಿಪೇರಿ ಮೊದಲಲ್ಲ, ನಕಲು ಮೊದಲು. ಕೆಟ್ಟ ಜಾಗಗಳನ್ನು ಹುಡುಕುವ 'ಚೆಕ್ ಡಿಸ್ಕ್' ಇಡೀ ತಟ್ಟೆಯನ್ನು ಮೂಲೆ ಮೂಲೆ ಕೆದಕುತ್ತದೆ. ಸಾಯುತ್ತಿರುವ ಡಿಸ್ಕಿಗೆ ಅದೇ ಕೊನೆಯ ಪೆಟ್ಟಾಗಬಹುದು. ಫಾರ್ಮ್ಯಾಟಂತೂ ಬೇಡವೇ ಬೇಡ. ನಕಲಿನಲ್ಲೂ ತೀರ ಬೇಕಾದದ್ದು ಮೊದಲು, ಉಳಿದದ್ದು ಆಮೇಲೆ. ಟಿಕ್ ಟಿಕ್ ಸದ್ದು ಬಿಡದೆ ಬರುತ್ತಿದ್ದರೆ ಕೇಬಲ್ ಕಿತ್ತಿಟ್ಟು, ಮಾಹಿತಿ ಹೊರತೆಗೆಯುವ ಪರಿಣತರ ಬಳಿಗೆ ಒಯ್ಯುವುದೇ ಲೇಸು.

ಜಾಗ ಸಾಲದೆಂದು ಹೊರಗಿನ ಡಿಸ್ಕಿಗೆ ಸಾಗಿಸಿ, ಒಳಗಿನದನ್ನು ಅಳಿಸಿಬಿಟ್ಟರೆ ಉಳಿಯುವುದು ಒಂದೇ ಪ್ರತಿ. ಎರಡು ಕಡೆ ಇದ್ದರಷ್ಟೇ ಅದನ್ನು ಕಾಪಿಟ್ಟಂತೆ. ಎರಡನೆಯ ಡಿಸ್ಕಿನ ಬೆಲೆ ದುಬಾರಿ ಎನಿಸಬಹುದು. ಆದರೆ ಸ್ಟುಡಿಯೊದವರು ಇವತ್ತು ಮಾಡಬೇಕಾದ ಕೆಲಸ ಇನ್ನೂ ಚಿಕ್ಕದು: ಕೇಬಲ್ ಬದಲಿಸಿ, ತಾಳ್ಮೆಯಿಂದ ಕಾದು, ಆ ಒಂದು ಮದುವೆಯ ಫೋಲ್ಡರನ್ನು ಹುಡುಕಿ, ಮೊದಲು ಅಜ್ಜಿಯ ಫೋಟೊ ಇಳಿಸಿಕೊಳ್ಳುವುದು. ಮಿಕ್ಕದ್ದೆಲ್ಲ ಅದಾದ ಮೇಲೆ.